ವಾಟರ್ ಸ್ಕೂಟರ್ ಎಂಜಿನ್‌ನಲ್ಲಿ ಪಿಸ್ಟನ್ ಹೋದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಜೆಟ್ ಸ್ಕೀ ಕವಾಸಾಕಿಯ ಹೆಸರು, ವೇವ್‌ರನ್ನರ್ ಯಮಾಹಾದ್ದು, ಸೀ-ಡೂ ಎಂಬುದು ಬಿಆರ್‌ಪಿ ಕಂಪನಿಯದು. ಆದರೆ ಜನರ ಬಾಯಲ್ಲಿ ಎಲ್ಲವೂ ಜೆಟ್ ಸ್ಕೀಯೇ. ಹೆಸರು ಯಾವುದಿದ್ದರೂ ಒಳಗೆ ಪಿಸ್ಟನ್ ಕೆಡುವ ರೀತಿ ಹೆಚ್ಚುಕಡಿಮೆ ಒಂದೇ. ಇಲ್ಲಿನ ಉತ್ತರಗಳು ಬಹುಪಾಲು ಟೂ ಸ್ಟ್ರೋಕ್ ಗಾಡಿಗಳಿಗೆ ಸಂಬಂಧಿಸಿದವು, ಏಕೆಂದರೆ ಪಿಸ್ಟನ್ ತಿನ್ನುವುದು ಹೆಚ್ಚಾಗಿ ಅವೇ. ಫೋರ್ ಸ್ಟ್ರೋಕ್ ಬಗ್ಗೆ ಕೊನೆಯ ಹೊತ್ತಿಗೆ ಬರೆದಿದ್ದೇನೆ. ಅಳತೆಗಳ ವಿಷಯದಲ್ಲಿ ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ನಾನು ಕೊಟ್ಟಿರುವ ಅಂಕಿಗಳು ಸಾಮಾನ್ಯವಾಗಿ ಕಂಡುಬರುವಂಥವು.

ಪಿಸ್ಟನ್ ಹೋಗಿದೆ ಅಂತ ಎಂಜಿನ್ ಬಿಚ್ಚದೆ ಗೊತ್ತಾಗುತ್ತದೆಯೇ?

ಬಹಳ ಮಟ್ಟಿಗೆ ಗೊತ್ತಾಗುತ್ತದೆ. ಮೊದಲು ಓಡುತ್ತಿದ್ದ ವೇಗ ಈಗ ಬರುತ್ತಿಲ್ಲ, ಥ್ರಾಟಲ್ ಪೂರ್ತಿ ಒತ್ತಿದರೂ ಆರ್‌ಪಿಎಂ ಏರುತ್ತಿಲ್ಲ, ಸ್ಟಾರ್ಟ್ ಮಾಡಲು ಮೊದಲಿಗಿಂತ ಹೆಚ್ಚು ಹೊತ್ತು ಬಟನ್ ಒತ್ತಬೇಕು, ಐಡಲ್‌ನಲ್ಲಿ ಗಾಡಿ ನಡುಗುತ್ತದೆ. ಇವೆಲ್ಲ ಒಂದು ಸಿಲಿಂಡರ್ ಸೊರಗಿದ ಲಕ್ಷಣ. ಒಳಗಿನಿಂದ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು ಬಂದರೆ ರಿಂಗ್ ಚೂರೋ ಪಿಸ್ಟನ್ ಸ್ಕರ್ಟ್ (ಪಿಸ್ಟನ್‌ನ ಕೆಳಭಾಗ) ಚೂರೋ ಒಳಗೆ ಓಡಾಡುತ್ತಿದೆ ಅಂತ ತಿಳಿಯಿರಿ. ಆಮೇಲೆ ಬಟನ್ ಮುಟ್ಟಲೇಬೇಡಿ.

ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುವುದಕ್ಕೆ ಐದು ನಿಮಿಷ ಸಾಕು, ಅದು ಹೇಳುವುದು ಬಹಳ. ತುದಿಯ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳು, ಅಥವಾ ಬೆಳ್ಳಿಯ ಬಣ್ಣದ ಸಣ್ಣ ಮಣಿಗಳು ಕಂಡರೆ ಆ ಮಣಿಗಳು ನಿಮ್ಮ ಪಿಸ್ಟನ್‌ನವೇ. ಅಲ್ಯೂಮಿನಿಯಂ ಕರಗಿ ಪ್ಲಗ್‌ಗೆ ಬಂದು ಅಂಟಿದೆ. ಪ್ಲಗ್‌ನ ಸೈಡ್ ಎಲೆಕ್ಟ್ರೋಡ್ ಬಗ್ಗಿ ಗ್ಯಾಪ್ ಮುಚ್ಚಿಹೋಗಿದ್ದರೆ ಒಳಗೆ ಯಾವುದೋ ಗಟ್ಟಿ ವಸ್ತು ಬಡಿದಿದೆ.

ಓಡುತ್ತಿದ್ದಾಗ ಗಕ್ಕನೆ ನಿಂತಿತು. ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಆಯಿತು. ಹಾಗೇ ಓಡಿಸಬಹುದೇ?

ಬೇಡ. ನನ್ನ ಬಳಿ ಬರುವ ಕೆಟ್ಟ ಎಂಜಿನ್‌ಗಳ ಪೈಕಿ ಅತ್ಯಂತ ಬೇಸರ ತರುವುದು ಈ ಬಗೆಯವು. ನಿಂತ ಕ್ಷಣದಲ್ಲೇ ನಿಲ್ಲಿಸಿದ್ದರೆ ಒಂದು ಪಿಸ್ಟನ್ ಬದಲಿಸಿ, ಒಂದು ಬೋರ್ (ಸಿಲಿಂಡರ್‌ನ ಒಳತೂತು) ಕೊರೆಸುವುದರಲ್ಲಿ ಮುಗಿಯುತ್ತಿದ್ದ ಕೆಲಸ.

ಆದದ್ದು ಇಷ್ಟು: ಅಲ್ಯೂಮಿನಿಯಂ ಪಿಸ್ಟನ್ ಬಿಸಿಗೆ ಹಿಗ್ಗುವ ಪ್ರಮಾಣ ಕಬ್ಬಿಣದ ಸ್ಲೀವ್ (ಸಿಲಿಂಡರ್ ಒಳಗೋಡೆಯ ಕೊಳವೆ) ಹಿಗ್ಗುವುದರ ಸುಮಾರು ಎರಡರಷ್ಟು. ಅತಿ ಬಿಸಿಯಾದಾಗ ಪಿಸ್ಟನ್ ಬೋರ್ ತುಂಬ ಹಿಗ್ಗಿ, ಆಯಿಲ್ ಪದರ ಹರಿದು, ಗೋಡೆಗೆ ಉಜ್ಜಿ ಹಿಡಿದುಕೊಂಡಿದೆ. ತಣ್ಣಗಾದ ಮೇಲೆ ಕುಗ್ಗಿ ಬಿಡಿಸಿಕೊಂಡಿದೆ. ಆದರೆ ಉಜ್ಜಿದ ಜಾಗದಲ್ಲಿ ಲೋಹ ಮೆತ್ತಿಕೊಂಡಿರುತ್ತದೆ, ರಿಂಗ್ ತನ್ನ ತೋಡಿನಲ್ಲೇ ಸಿಕ್ಕಿಬಿದ್ದಿರುತ್ತದೆ. ಅದು ಮತ್ತೆ ಹಿಡಿದುಕೊಳ್ಳುತ್ತದೆ, ಎರಡನೆಯ ಸಲ ಕನೆಕ್ಟಿಂಗ್ ರಾಡನ್ನೂ ಜೊತೆಗೆ ಕರೆದೊಯ್ಯಬಹುದು. ದಡಕ್ಕೆ ಎಳೆಸಿಕೊಂಡು ಬನ್ನಿ.

ಎಳೆಸುವಾಗ ಒಂದು ಎಚ್ಚರ. ಜೆಟ್ ಪಂಪ್‌ನಿಂದ ಎಂಜಿನ್‌ಗೆ ಹೋಗುವ ನೀರಿನ ಪೈಪನ್ನು ಕ್ಲಾಂಪ್ ಹಾಕಿ ಬಿಗಿಯಿರಿ. ಇಲ್ಲದಿದ್ದರೆ ವೇಗವಾಗಿ ಎಳೆದಾಗ ಪಂಪ್‌ನಿಂದ ನೀರು ನುಗ್ಗಿ, ಎಕ್ಸಾಸ್ಟ್ ತುಂಬಿ, ಅಲ್ಲಿಂದ ಸಿಲಿಂಡರ್‌ಗೇ ಇಳಿಯುತ್ತದೆ. ನಡೆಯುವ ವೇಗದಲ್ಲಿ ಎಳೆಸುವುದು ಇನ್ನೂ ಒಳ್ಳೆಯದು. ಕ್ಲಾಂಪ್ ಹಾಕಿದ್ದನ್ನು ಮರೆತು ಆಮೇಲೆ ಸ್ಟಾರ್ಟ್ ಮಾಡಬೇಡಿ.

ಕಂಪ್ರೆಷನ್ ಹೇಗೆ ನೋಡುವುದು? ಎಷ್ಟಿದ್ದರೆ ಸರಿ?

ಪ್ಲಗ್‌ಗಳನ್ನೆಲ್ಲ ಬಿಚ್ಚಿ. ಪ್ಲಗ್ ವೈರ್‌ಗಳನ್ನು ಗ್ರೌಂಡ್ ಮಾಡಿ. ಕೆಲವು ಗಾಡಿಗಳಲ್ಲಿ ಇದಕ್ಕೆಂದೇ ಕಂಬಿಗಳಿರುತ್ತವೆ. ಗ್ರೌಂಡ್ ಮಾಡದಿದ್ದರೆ ಇಗ್ನಿಷನ್ ಬಾಕ್ಸ್ ಸುಡಬಹುದು. ಅದಕ್ಕಿಂತ ದೊಡ್ಡ ಅಪಾಯ, ಪ್ಲಗ್ ತೂತಿನಿಂದ ಚಿಮ್ಮುವ ಪೆಟ್ರೋಲ್ ಹಬೆಗೆ ಕಿಡಿ ತಗುಲಬಹುದು. ಸೀಟ್ ತೆಗೆದು ಎಂಜಿನ್ ಗೂಡಿಗೆ ಗಾಳಿ ಆಡಲು ಬಿಟ್ಟ ಮೇಲೆಯೇ ಕೆಲಸ ಶುರು ಮಾಡಿ.

ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ಪ್ಲಗ್ ತೂತಿಗೆ ಕಂಪ್ರೆಷನ್ ಗೇಜ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಮಾಪಕ) ಬಿಗಿದು, ಥ್ರಾಟಲ್ ಪೂರ್ತಿ ತೆರೆದು ಹಿಡಿದು, ಗೇಜ್‌ನ ಮುಳ್ಳು ಏರುವುದು ನಿಲ್ಲುವವರೆಗೂ ಸ್ಟಾರ್ಟರ್ ತಿರುಗಿಸಿ. ಥ್ರಾಟಲ್ ಮುಚ್ಚಿದ್ದರೆ ಎಂಜಿನ್‌ಗೆ ಗಾಳಿಯೇ ಸಿಗದೆ ಅಂಕಿ ಸುಳ್ಳು ಹೇಳುತ್ತದೆ. ಟೂ ಸ್ಟ್ರೋಕ್‌ಗಳಲ್ಲಿ ಸಾಮಾನ್ಯವಾಗಿ 120ರಿಂದ 150 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒಳಗೆ ಬರುತ್ತದೆ. ಬಾಡಿಗೆ ತಂದ ಗೇಜ್ ಐದಾರು ಪಿಎಸ್‌ಐ ಆಚೀಚೆ ತೋರಿಸುವುದು ಮಾಮೂಲು. ಆದ್ದರಿಂದ ಒಂದು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸಕ್ಕೆ ಬೆಲೆ ಹೆಚ್ಚು. ಶೇ. 10ಕ್ಕಿಂತ ಹೆಚ್ಚು ಅಂತರ ಇದ್ದರೆ ಬಿಚ್ಚಿ ನೋಡಬೇಕು.

ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಜಿಗಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಸೊನ್ನೆ ಸೊನ್ನೆಯಾಗಿಯೇ ಉಳಿದರೆ ಪಿಸ್ಟನ್ ತಲೆಯಲ್ಲಿ ತೂತು ಇರಬಹುದು, ಹೆಡ್ ಗ್ಯಾಸ್ಕೆಟ್ ಹೋಗಿರಲೂಬಹುದು.

ಕಂಪ್ರೆಷನ್ ಎರಡೂ ಸಿಲಿಂಡರ್‌ಗಳಲ್ಲಿ ಸಮ ಬಂತು. ಹಾಗಾದರೆ ಪಿಸ್ಟನ್ ಸರಿಯಾಗಿದೆ ಅಂತಲೇ?

ಹಾಗಲ್ಲ. ಎಕ್ಸಾಸ್ಟ್ ಪೋರ್ಟ್ ಬದಿಯಲ್ಲಿ ಗೀಚು ಬಿದ್ದ ಪಿಸ್ಟನ್ ಕೂಡ, ರಿಂಗ್ ಸಿಕ್ಕಿಬೀಳದೆ ಸಡಿಲವಾಗಿದ್ದರೆ, ಒಳ್ಳೆಯ ಅಂಕಿ ಕೊಟ್ಟುಬಿಡುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಚ್ಚಿ ಟಾರ್ಚ್ ಬಿಟ್ಟು ಪೋರ್ಟ್ ಮೂಲಕ ನೋಡಿ. ಎಂಜಿನ್ ಕೈಯಲ್ಲಿ ನಿಧಾನ ತಿರುಗಿಸಿದರೆ ಸ್ಕರ್ಟ್‌ನಿಂದ ತಲೆಯವರೆಗೆ ಪಿಸ್ಟನ್‌ನ ಆ ಬದಿ ಪೂರ್ತಿ ಕಣ್ಣಮುಂದೆ ಹಾದುಹೋಗುತ್ತದೆ. ರಿಂಗ್ ಕಾಣಿಸಿದಾಗ ಮರದ ಕಡ್ಡಿಯಿಂದ ಮೆಲ್ಲಗೆ ಒತ್ತಿ. ಒಳ್ಳೆಯ ರಿಂಗ್ ಸ್ಪ್ರಿಂಗ್‌ನಂತೆ ಒಳಸರಿದು ವಾಪಸ್ ಬರುತ್ತದೆ. ಕದಲದಿದ್ದರೆ ಪಿಸ್ಟನ್ ಲೋಹ ಅದರ ಮೇಲೆ ಮೆತ್ತಿ ಅದನ್ನು ಹೂತುಬಿಟ್ಟಿದೆ.

ಹೆಡ್, ಸಿಲಿಂಡರ್ ಬಿಚ್ಚಿ ಪಿಸ್ಟನ್ ಕೈಯಲ್ಲಿದೆ. ನೋಡಿ ಕಾರಣ ಹೇಳಬಹುದೇ?

ಖಂಡಿತ. ಇಡೀ ಕೆಲಸದಲ್ಲಿ ಮುಖ್ಯವಾದ ಹೊತ್ತು ಇದೇ. ಅದನ್ನು ತೊಳೆಯಬೇಡಿ, ಎಸೆಯಬೇಡಿ. ಯಾವ ಸಿಲಿಂಡರ್‌ನದು, ಎಕ್ಸಾಸ್ಟ್ ಕಡೆ ಯಾವುದು ಅಂತ ಗುರುತು ಹಾಕಿ ಬೆಳಕಿಗೆ ಹಿಡಿಯಿರಿ. ಬಹುತೇಕ ಪಿಸ್ಟನ್‌ಗಳ ತಲೆಯ ಮೇಲಿರುವ ಬಾಣ ಎಕ್ಸಾಸ್ಟ್ ಕಡೆಗೆ ತೋರಿಸುತ್ತದೆ.

ಗೀಚು ಎಕ್ಸಾಸ್ಟ್ ಬದಿಯಲ್ಲಿ ಮಾತ್ರ ಇದ್ದು, ರಿಂಗ್ ಅಲ್ಲೇ ಹೂತುಹೋಗಿದ್ದರೆ ಪೆಟ್ರೋಲ್ ಸಾಲದೆ ಬಿಸಿಯಾಗಿದೆ. ನಾವು ಲೀನ್ ಆಗಿದೆ ಅನ್ನುವುದು ಇದಕ್ಕೇ. ಎಕ್ಸಾಸ್ಟ್ ಬದಿ ಮೊದಲೇ ಅತ್ಯಂತ ಬಿಸಿ ಜಾಗ, ಅಲ್ಲೇ ಮೊದಲು ಆಯಿಲ್ ಪದರ ಹರಿಯುತ್ತದೆ.

ಸುತ್ತಲೂ ಸ್ಕರ್ಟ್ ಉದ್ದಕ್ಕೆ ಉಜ್ಜಿದ್ದರೆ, ಪಿಸ್ಟನ್ ಒಣಗಿ ಮಂಕಾಗಿದ್ದರೆ, ಆಯಿಲ್ ಸಿಕ್ಕಿಲ್ಲ. ಗಜನ್ ಪಿನ್ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡ್‌ಗೆ ಜೋಡಿಸುವ ಪಿನ್) ಬೇರಿಂಗ್ ನೀಲಿಗಟ್ಟಿದ್ದರೆ ಅನುಮಾನವೇ ಬೇಡ.

ಸುತ್ತ ನಾಲ್ಕು ಕಡೆ, ಹೆಚ್ಚುಕಡಿಮೆ ಸಮ ದೂರದಲ್ಲಿ, ಲಂಬವಾದ ನಾಲ್ಕು ಪಟ್ಟಿ ಬಿದ್ದಿದ್ದರೆ ಪಿಸ್ಟನ್ ಸಿಲಿಂಡರ್‌ಗಿಂತ ಬೇಗ ಹಿಗ್ಗಿದೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಥ್ರಾಟಲ್ ಪೂರ್ತಿ ಒತ್ತಿದವರ ಗಾಡಿಯಲ್ಲಿ ಇದನ್ನು ನೋಡುತ್ತೇವೆ. ಹೊಸ ಪಿಸ್ಟನ್‌ಗೆ ಬೋರ್ ಬಿಗಿಯಾಗಿ ಕೊರೆದಿದ್ದರೂ ಹೀಗೇ ಆಗುತ್ತದೆ.

ತಲೆಯ ಅಂಚಿನಲ್ಲಿ ಇಲಿ ಕಡಿದಂತೆ, ಅಥವಾ ಮರಳು ಎರಚಿ ಉಜ್ಜಿದಂತೆ ಇದ್ದರೆ ಅದು ನಾಕಿಂಗ್, ಅಂದರೆ ಮಿಶ್ರಣ ಕ್ರಮವಾಗಿ ಉರಿಯದೆ ಒಮ್ಮೆಲೇ ಸಿಡಿದದ್ದು. ಪೆಟ್ರೋಲ್‌ನ ಆಕ್ಟೇನ್ ಸಾಲಲಿಲ್ಲ, ಟೈಮಿಂಗ್ ಮುಂದಿತ್ತು, ಹೆಡ್‌ನ ತಳ ಅರೆದು ಕಂಪ್ರೆಷನ್ ಹೆಚ್ಚಿಸಿದ್ದರು, ಅಥವಾ ಲೀನ್ ಆಗಿತ್ತು. ರಿಂಗ್‌ಗಳ ನಡುವಿನ ಪಟ್ಟಿ ಒಡೆದಿದ್ದರೂ ಹೆಚ್ಚಾಗಿ ನಾಕಿಂಗ್‌ನದೇ ಕೆಲಸ.

ತಲೆಯ ನಟ್ಟನಡುವೆ ತೂತು ಬಿದ್ದು ಅಂಚು ಮೇಣದಂತೆ ಕರಗಿದ್ದರೆ ಕಿಡಿ ಬರುವ ಮೊದಲೇ ಮಿಶ್ರಣ ಹೊತ್ತಿಕೊಂಡಿದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸಿಲಿಂಡರ್ ಒಳಗಿನ ಜ್ವಾಲೆ 2000 ಡಿಗ್ರಿ ದಾಟುತ್ತದೆ. ಪಿಸ್ಟನ್ ಉಳಿದಿರುವುದೇ ಆ ಬಿಸಿಯನ್ನು ರಿಂಗ್ ಮತ್ತು ಗೋಡೆಯ ಮೂಲಕ ನೀರಿಗೆ ದಾಟಿಸುತ್ತಿರುವುದರಿಂದ. ತಪ್ಪು ಹೀಟ್ ರೇಂಜ್‌ನ ಪ್ಲಗ್ ಹಾಕಿದ್ದಾರೆಯೇ ಅಂತ ಮೊದಲು ನೋಡಿ.

ತಲೆಯ ತುಂಬ ಸುತ್ತಿಗೆಯಿಂದ ಕುಟ್ಟಿದಂಥ ಗುಳಿ, ಹೆಡ್‌ನಲ್ಲೂ ಅದೇ ಗುರುತು ಇದ್ದರೆ ಚೂರು ಬಿದ್ದಿದೆ. ಯಾವುದರ ಚೂರು ಅಂತ ಸಿಗುವವರೆಗೂ ಹುಡುಕಬೇಕು: ರಿಂಗ್ ತುಂಡು, ರೀಡ್ ವಾಲ್ವ್ ದಳ, ಗಜನ್ ಪಿನ್‌ನಿಂದ ಕಿತ್ತುಬಂದ ಲಾಕ್, ಪವರ್ ವಾಲ್ವ್ ಇರುವ ಎಂಜಿನ್‌ನಲ್ಲಿ ಅದರ ಬ್ಲೇಡ್, ಕ್ರ್ಯಾಂಕ್ ಬೇರಿಂಗ್‌ನ ರೋಲರ್. ಕೊನೆಯದಾಗಿದ್ದರೆ ಮೇಲಿನ ಕೆಲಸ ಅಲ್ಲಿಗೇ ನಿಲ್ಲಿಸಿ ಕ್ರ್ಯಾಂಕ್ ಇಳಿಸಬೇಕು.

ಒಂದೇ ಪಿಸ್ಟನ್‌ನಲ್ಲಿ ಎರಡು ಮೂರು ಗುರುತು ಸೇರಿರುವುದೂ ಉಂಟು. ಆಗ ಕಡಿಮೆ ಕೆಟ್ಟಿರುವ ಪಕ್ಕದ ಪಿಸ್ಟನ್ ನೋಡಿ. ರೋಗ ಶುರುವಾಗುವಾಗ ಹೇಗಿತ್ತು ಅನ್ನುವುದು ಅಲ್ಲಿ ಸ್ಪಷ್ಟವಾಗಿ ಉಳಿದಿರುತ್ತದೆ.

ಕಾರಣ ಹುಡುಕುವುದಕ್ಕೆ ಇಷ್ಟು ಒತ್ತು ಯಾಕೆ? ಹೊಸ ಕಿಟ್ ಹಾಕಿದರೆ ಓಡುವುದಿಲ್ಲವೇ?

ಓಡುತ್ತದೆ, ಸ್ವಲ್ಪ ಹೊತ್ತು. ಮುಳ್ಳು ಕೀಳದೆ ಗಾಯಕ್ಕೆ ಮುಲಾಮು ಹಚ್ಚಿದಂತೆ. ಕೆಲಸ ಕಲಿತ ಹೊಸದರಲ್ಲಿ ನಾನೇ ಹಾಗೆ ಮಾಡಿದ್ದೇನೆ. ಹಿಂದಿನ ಸಿಲಿಂಡರ್ ಹಿಡಿದಿತ್ತು. ಬೋರ್ ಹಾಕಿಸಿ, ಹೊಸ ಪಿಸ್ಟನ್ ಜೋಡಿಸಿ ಕೊಟ್ಟೆ. ಒಂದು ಟ್ಯಾಂಕ್ ಮುಗಿಯುವ ಮೊದಲೇ ಅದೇ ಸಿಲಿಂಡರ್, ಅದೇ ಎಕ್ಸಾಸ್ಟ್ ಬದಿ, ಅದೇ ಗೀಚು. ಆಗ ಕಾರ್ಬುರೇಟರ್ ಬಿಚ್ಚಿದೆ. ಪೆಟ್ರೋಲ್ ಒಳಬರುವ ಕಡೆ ಚಿಕ್ಕ ಬಲೆಯ ಫಿಲ್ಟರ್ ಇರುತ್ತದೆ, ಹೆಬ್ಬೆರಳಿನ ಉಗುರಿಗಿಂತ ದೊಡ್ಡದಲ್ಲ. ಅದರ ಮೇಲೆ ಹಸಿರು ಮಿಶ್ರಿತ ಜಿಗುಟು ಪದರ, ಕಣ್ಣಿಗೆ ಹಿಡಿದರೆ ಬೆಳಕು ದಾಟುತ್ತಿರಲಿಲ್ಲ. ಮುಂದಿನ ಕಾರ್ಬುರೇಟರ್‌ನ ಬಲೆ ಅರ್ಧ ತೆರೆದಿತ್ತು, ಅದಕ್ಕೇ ಮುಂದಿನ ಸಿಲಿಂಡರ್ ಬದುಕಿತ್ತು. ಎರಡನೆಯ ಪಿಸ್ಟನ್ ನನ್ನ ಕೈಯಿಂದಲೇ ಹೋಯಿತು.

ಲೀನ್ ಆಗುವುದು ಎಲ್ಲೆಲ್ಲಿಂದ?

ಎರಡೇ ದಾರಿ: ಪೆಟ್ರೋಲ್ ಕಡಿಮೆ ಬರಬೇಕು, ಇಲ್ಲವೇ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ಬರಬೇಕು.

ಪೆಟ್ರೋಲ್ ಕಡೆಯದನ್ನು ಟ್ಯಾಂಕ್‌ನಿಂದ ಶುರುಮಾಡಿ. ಟ್ಯಾಂಕ್ ಒಳಗಿನ ಪಿಕಪ್ ಬಲೆ, ಆನ್-ರಿಸರ್ವ್ ನಲ್ಲಿ (ಪೆಟ್ರೋಲ್ ಬಿಡುವ ಕೊಳಾಯಿ), ನೀರು ಬೇರ್ಪಡಿಸುವ ಫಿಲ್ಟರ್, ಅಲ್ಲಿಂದ ಕಾರ್ಬುರೇಟರ್‌ವರೆಗಿನ ಪೈಪ್. 1990ರ ದಶಕದ ಕೆಲವು ಮಾದರಿಗಳಲ್ಲಿ ಬಂದ ಬೂದು ಬಣ್ಣದ ಪೆಟ್ರೋಲ್ ಪೈಪ್ ಒಳಗಿನಿಂದ ಕರಗಿ ಜಿಗುಟಾಗುತ್ತದೆ. ಅದು ಇನ್ನೂ ಉಳಿದಿದ್ದರೆ ಒಂದಿಂಚೂ ಬಿಡದೆ ತೆಗೆಯಿರಿ. ಆನ್-ರಿಸರ್ವ್ ನಲ್ಲಿಯನ್ನು ಜನ ಮರೆಯುತ್ತಾರೆ. ಅದರೊಳಗೂ ಅದೇ ಕಸ ಕೂತಿರುತ್ತದೆ. ಪೈಪ್‌ನಲ್ಲಿ ಕೂದಲೆಳೆ ಬಿರುಕು ಇದ್ದರೆ ಪೆಟ್ರೋಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಒಣಗಿ ಚೆನ್ನಾಗಿಯೇ ಕಾಣುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಹಳೇ ಪೆಟ್ರೋಲ್ ಚೆಲ್ಲಿ ಹೊಸದು ತುಂಬಿಯೇ ಸ್ಟಾರ್ಟ್ ಮಾಡಿ.

ಈ ಗಾಡಿಗಳ ಕಾರ್ಬುರೇಟರ್ ಹೆಚ್ಚಾಗಿ ಡಯಾಫ್ರಾಮ್ ಬಗೆಯದು. ಕ್ರ್ಯಾಂಕ್‌ಕೇಸ್‌ನ ಒತ್ತಡದ ಏರಿಳಿತ ಒಂದು ಸಣ್ಣ ಪೈಪ್ ಮೂಲಕ ಬಂದು ಪೆಟ್ರೋಲ್ ಪಂಪ್ ಓಡಿಸುತ್ತದೆ. ಆ ಪಲ್ಸ್ ಪೈಪ್ ಸಡಿಲವಾದರೆ, ಡಯಾಫ್ರಾಮ್ ಗಟ್ಟಿಯಾದರೆ ಐಡಲ್‌ನಲ್ಲಿ ಎಲ್ಲ ಸರಿ, ಫುಲ್ ಥ್ರಾಟಲ್‌ನಲ್ಲಿ ಹೊಟ್ಟೆಗಿಲ್ಲ. ಪಿಸ್ಟನ್ ಹೋಗುವುದು ಆ ಫುಲ್ ಥ್ರಾಟಲ್‌ನಲ್ಲೇ. ರಿಪೇರಿ ಕಿಟ್ ಹಾಕುವಾಗ ಜೆಟ್‌ಗಳನ್ನು ಊದಿದರೆ ಸಾಲದು, ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ನೀಡಲ್ ಎಷ್ಟು ಒತ್ತಡಕ್ಕೆ ತೆರೆಯುತ್ತದೆ ಅನ್ನುವುದನ್ನೂ ಪಾಪ್-ಆಫ್ ಗೇಜ್‌ನಿಂದ ಅಳೆಯಿರಿ.

ಗಾಳಿ ಕಡೆಯದು: ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್, ಇನ್‌ಟೇಕ್ ಮ್ಯಾನಿಫೋಲ್ಡ್, ಸಿಲಿಂಡರ್ ಬುಡದ ಗ್ಯಾಸ್ಕೆಟ್, ಕ್ರ್ಯಾಂಕ್ ಸೀಲ್‌ಗಳು. ಥ್ರಾಟಲ್ ಬಿಟ್ಟ ಮೇಲೂ ಆರ್‌ಪಿಎಂ ಇಳಿಯಲು ತಡ ಮಾಡಿದರೆ, ಐಡಲ್ ತಾನಾಗಿಯೇ ಏರಿದರೆ, ಇಲ್ಲೆಲ್ಲೋ ಗಾಳಿ ಹೋಗುತ್ತಿದೆ.

ಆ ಗಾಳಿ ಸೋರಿಕೆ ಹೇಗೆ ಹಿಡಿಯುವುದು?

ಲೀಕ್ ಟೆಸ್ಟ್. ಇನ್‌ಟೇಕ್ ಮತ್ತು ಎಕ್ಸಾಸ್ಟ್ ಎರಡಕ್ಕೂ ರಬ್ಬರ್ ಹಾಳೆ ಇಟ್ಟು ತಗಡಿನ ಪ್ಲೇಟ್ ಬಿಗಿದು ಮುಚ್ಚಿ, ಪಲ್ಸ್ ಪೈಪಿನ ತೂತಿನಿಂದ ಕೈಪಂಪ್ ಹಾಕಿ 5ರಿಂದ 8 ಪಿಎಸ್‌ಐ ತುಂಬಿ. ಅದಕ್ಕಿಂತ ಹೆಚ್ಚು ಬೇಡ, ಒಳ್ಳೆಯ ಸೀಲ್ ಕೂಡ ಜಾಗ ಬಿಟ್ಟೀತು. ಮುಳ್ಳು ಕೆಲವು ನಿಮಿಷ ಅಲ್ಲೇ ನಿಲ್ಲಬೇಕು. ನಿಮಿಷಕ್ಕೆ 1 ಪಿಎಸ್‌ಐಗಿಂತ ವೇಗವಾಗಿ ಇಳಿದರೆ ಸೋಪಿನ ನೀರು ಸಿಂಪಡಿಸಿ ಗುಳ್ಳೆ ಎಲ್ಲಿ ಬರುತ್ತದೆ ನೋಡಿ.

ಈ ಟೆಸ್ಟ್ ಎರಡು ಸಲ ಮಾಡಿ: ಬಿಚ್ಚುವ ಮೊದಲು ಒಮ್ಮೆ, ಜೋಡಿಸಿದ ಮೇಲೆ ಒಮ್ಮೆ. ಬಿಚ್ಚುವ ಮೊದಲು ಮಾಡದಿದ್ದರೆ ಸೋರುತ್ತಿದ್ದ ಗ್ಯಾಸ್ಕೆಟ್ ನಿಮ್ಮ ಕೈಯಲ್ಲೇ ಹರಿದುಹೋಗಿ, ಕಾರಣ ಕೊನೆಗೂ ಸಿಗುವುದಿಲ್ಲ.

ಒಳಗೆ ನೀರು ಹೋಗಿತ್ತು. ಪಿಸ್ಟನ್‌ಗೆ ಏನಾಗಿರುತ್ತದೆ?

ನೀರನ್ನು ಒತ್ತಿ ಕುಗ್ಗಿಸಲಾಗದು. ಸಿಲಿಂಡರ್ ತುಂಬ ನೀರಿದ್ದಾಗ ಸ್ಟಾರ್ಟರ್ ಒತ್ತಿದರೆ ಪಿಸ್ಟನ್ ಮೇಲೇರಲಾರದೆ ರಾಡ್ ಬಾಗುತ್ತದೆ. ಆದ್ದರಿಂದ ಮೊದಲು ಪ್ಲಗ್ ಬಿಚ್ಚಿ, ಆಮೇಲೆ ತಿರುಗಿಸಿ ನೀರು ಹೊರಹಾಕಿ. ರಾಡ್ ಬಾಗಿದೆಯೇ ಅನ್ನುವ ಅನುಮಾನ ಇದ್ದರೆ ಹೆಡ್ ತೆಗೆದು, ಪ್ರತಿ ಪಿಸ್ಟನ್ ತುತ್ತತುದಿಗೆ ಬಂದಾಗ ಸಿಲಿಂಡರ್ ಮೇಲ್ಮೈಯಿಂದ ಎಷ್ಟು ಕೆಳಗಿದೆ ಅಂತ ಅಳೆಯಿರಿ. ಒಂದು ಮಾತ್ರ ಕೆಳಗೆ ನಿಂತರೆ ಅದರ ರಾಡ್ ಬಾಗಿದೆ.

ನೀರು ತೆಗೆದ ಮೇಲೆ ಅದೇ ದಿನ ಎಂಜಿನ್ ಓಡಿಸಿ ಬಿಸಿ ಮಾಡಿ, ಫಾಗಿಂಗ್ ಆಯಿಲ್ (ತುಕ್ಕು ತಡೆಯಲು ಒಳಗೆ ಸಿಂಪಡಿಸುವ ಆಯಿಲ್) ಹಾಕಲೇಬೇಕು. ಉಪ್ಪುನೀರಾದರೆ ಒಂದು ರಾತ್ರಿ ಕಳೆದರೂ ಕ್ರ್ಯಾಂಕ್ ಬೇರಿಂಗ್ ಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ. ಮಗುಚಿದ ಗಾಡಿಯನ್ನು ಹಿಂಬದಿಯ ಸ್ಟಿಕ್ಕರ್ ತೋರಿಸುವ ದಿಕ್ಕಿಗೇ ಹೊರಳಿಸಬೇಕು. ವಿರುದ್ಧ ದಿಕ್ಕಿಗೆ ಹೊರಳಿಸಿದರೆ ಎಕ್ಸಾಸ್ಟ್‌ನ ವಾಟರ್ ಬಾಕ್ಸ್‌ನಲ್ಲಿರುವ ನೀರು ಸಿಲಿಂಡರ್‌ಗೆ ಹರಿಯುತ್ತದೆ.

ಸಿಲಿಂಡರ್ ಗೋಡೆಗೆ ಅಲ್ಯೂಮಿನಿಯಂ ಮೆತ್ತಿದೆ. ಬೋರ್ ಹಾಕಿಸಲೇಬೇಕೇ?

ಮೆತ್ತಿದ್ದನ್ನು ತೆಗೆದ ಮೇಲಷ್ಟೇ ಹೇಳಬಹುದು. ಗೀಚು ಅಂತ ಕಾಣುವುದು ಎಷ್ಟೋ ಸಲ ಗೋಡೆಯ ಗಾಯವಲ್ಲ, ಮೇಲೆ ಅಂಟಿದ ಪಿಸ್ಟನ್ ಲೋಹ.

ಕಬ್ಬಿಣದ ಸ್ಲೀವ್ ಆದರೆ ಹೈಡ್ರೋಕ್ಲೋರಿಕ್ ಆಸಿಡ್ ಈ ಕೆಲಸ ಮಾಡುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅದ್ದಿ ಬೆಳ್ಳಿಬಣ್ಣದ ಪಟ್ಟಿಯ ಮೇಲೆ ಮಾತ್ರ ತಾಗಿಸಿ. ಅಲ್ಯೂಮಿನಿಯಂ ಇದ್ದಲ್ಲಿ ಬೂದು ನೊರೆ ಬುರುಬುರು ಏಳುತ್ತದೆ. ನೊರೆ ನಿಂತ ಜಾಗದಲ್ಲಿ ಅಲ್ಯೂಮಿನಿಯಂ ಮುಗಿದಿದೆ. ಒರೆಸಿ ಮತ್ತೆ ತಾಗಿಸಿ. ಅವಸರ ಮಾಡಿ ಸುರಿದರೆ ಸ್ಲೀವ್‌ನ ಹೊರಗಿನ ಅಲ್ಯೂಮಿನಿಯಂ ಸಿಲಿಂಡರನ್ನೇ ತಿನ್ನುತ್ತದೆ. ಕನ್ನಡಕ, ಕೈಗವಸು ಹಾಕಿಕೊಂಡು ಬಯಲಲ್ಲಿ ಮಾಡಿ. ಅದರ ಹಬೆ ಎದೆಗೆ ಕೆಟ್ಟದ್ದು, ಹತ್ತಿರದ ಸಲಕರಣೆಗಳಿಗೂ ತುಕ್ಕು ಹಿಡಿಸುತ್ತದೆ. ಮುಗಿದ ಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಿಂದ ತೊಳೆದು, ಒರೆಸಿ, ಕೂಡಲೇ ಆಯಿಲ್ ಸವರಿ. ಪಾಲಿಶ್ ಮಾಡಿದಂತಿದ್ದ ಕಬ್ಬಿಣ ನೋಡನೋಡುತ್ತಿದ್ದಂತೆ ಕೆಂಪಾಗುತ್ತದೆ.

ಆಮೇಲೆ ಉಗುರಿನಿಂದ ಅಡ್ಡಕ್ಕೆ ಎಳೆಯಿರಿ. ಉಗುರು ಸಿಕ್ಕಿಕೊಳ್ಳದೆ ಜಾರಿದರೆ, ಅಳತೆಯೂ ಮಿತಿಯೊಳಗಿದ್ದರೆ, ಹೋನ್ ಮಾಡಿ (ಕಲ್ಲಿನಿಂದ ಗೋಡೆಯನ್ನು ಮೆಲ್ಲಗೆ ಉಜ್ಜಿ) ಅದೇ ಸೈಜ್ ಪಿಸ್ಟನ್ ಹಾಕಬಹುದು. ಸಿಕ್ಕಿಕೊಂಡರೆ ಬೋರ್.

ಕೆಲವು ಎಂಜಿನ್‌ಗಳಲ್ಲಿ ಸ್ಲೀವ್ ಇರುವುದಿಲ್ಲ, ಅಲ್ಯೂಮಿನಿಯಂ ಮೇಲೆ ನಿಕಲ್-ಸಿಲಿಕಾನ್ ಕಾರ್ಬೈಡ್ ಲೇಪ ಇರುತ್ತದೆ. ಅಲ್ಲಿ ಲೇಪ ಎದ್ದಿದ್ದರೆ ಮಾಮೂಲಿ ಬೋರಿಂಗ್ ನಡೆಯುವುದಿಲ್ಲ. ಮರುಲೇಪ ಮಾಡಿಸಬೇಕು, ಇಲ್ಲವೇ ಸ್ಲೀವ್ ಕೂರಿಸಬೇಕು. ಆಸಿಡ್ ಕೆಲಸವನ್ನೂ ಅದರಲ್ಲಿ ಅನುಭವಿಗಳಿಗೇ ಬಿಡಿ.

ಬೋರ್ ಎಷ್ಟು, ಕ್ಲಿಯರೆನ್ಸ್ ಎಷ್ಟು, ರಿಂಗ್ ಗ್ಯಾಪ್ ಎಷ್ಟು?

ಓವರ್‌ಸೈಜ್ ಪಿಸ್ಟನ್ ಸಾಮಾನ್ಯವಾಗಿ 0.25, 0.50, 0.75, 1.00 ಮಿ.ಮೀ. ಮೆಟ್ಟಿಲುಗಳಲ್ಲಿ ಸಿಗುತ್ತದೆ. ಎಲ್ಲ ಮಾದರಿಗೂ ಎಲ್ಲ ಸೈಜ್ ಇರುವುದಿಲ್ಲ.

ಮೊದಲು ಪಿಸ್ಟನ್ ತರಿಸಿ, ಆಮೇಲೆ ಬೋರ್ ಹಾಕಿಸಿ. ಈ ಕ್ರಮ ತಪ್ಪಿಸಬೇಡಿ. ಬೋರ್ ಮಾಡುವವರ ಕೈಗೆ ಪಿಸ್ಟನ್ ಕೊಟ್ಟು, ಅದನ್ನು ಅಳೆದು ಅದಕ್ಕೆ ತಕ್ಕಂತೆ ಕೊರೆಯಲು ಹೇಳಿ. ಪಿಸ್ಟನ್ ಅಳೆಯುವುದು ಗಜನ್ ಪಿನ್‌ಗೆ ಅಡ್ಡ ದಿಕ್ಕಿನಲ್ಲಿ, ಸ್ಕರ್ಟ್ ಬುಡದಿಂದ ತಯಾರಕರು ಹೇಳಿದಷ್ಟೇ ಎತ್ತರದಲ್ಲಿ. ಪಿಸ್ಟನ್ ಪೂರ್ತಿ ದುಂಡಗಿರುವುದಿಲ್ಲ, ಮೇಲಿಂದ ಕೆಳಗೆ ಒಂದೇ ದಪ್ಪವೂ ಇರುವುದಿಲ್ಲ. ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ, ಒಟ್ಟು ಆರು ಕಡೆ ಅಳೆಯಿರಿ. ಪಿಸ್ಟನ್ 81.90 ಮಿ.ಮೀ., ಬೋರ್ 82.00 ಬಂದರೆ ಕ್ಲಿಯರೆನ್ಸ್ 0.10. ಕಿಟ್ ಜೊತೆ ಬಂದ ಚೀಟಿಯಲ್ಲಿ ಎಷ್ಟು ಬೇಕೆಂದು ಬರೆದಿರುತ್ತದೆ. ಫೋರ್ಜ್ಡ್ (ಒತ್ತಿ ಬಡಿದು ರೂಪಿಸಿದ) ಪಿಸ್ಟನ್ ಎರಕದ ಪಿಸ್ಟನ್‌ಗಿಂತ ಹೆಚ್ಚು ಹಿಗ್ಗುವುದರಿಂದ ಅದಕ್ಕೆ ಸ್ವಲ್ಪ ಸಡಿಲ ಬೇಕು, ಬಿಸಿಯಾಗಲು ಹೆಚ್ಚು ಹೊತ್ತೂ ಕೊಡಬೇಕು.

ಬೋರ್ ಆದ ಮೇಲೆ ಪೋರ್ಟ್‌ಗಳ ಅಂಚು ಕತ್ತಿಯಂತೆ ಹರಿತವಾಗಿರುತ್ತದೆ. ಅದನ್ನು ಉಜ್ಜಿ ಮೊಂಡು ಮಾಡದೆ ಬಿಟ್ಟರೆ ರಿಂಗ್ ಅಲ್ಲಿ ಸಿಕ್ಕಿ ಮುರಿಯುತ್ತದೆ. ನಿಮ್ಮ ಬೆರಳು ಒಳಗೆ ಹಾಕಿ ಪ್ರತಿ ಪೋರ್ಟ್ ಅಂಚನ್ನೂ ಸವರಿ ನೋಡಿ.

ರಿಂಗನ್ನು ಒಂಟಿಯಾಗಿ ಬೋರ್ ಒಳಗಿಟ್ಟು, ಪಿಸ್ಟನ್ ತಲೆಯಿಂದ ತಳ್ಳಿ ನೇರ ಮಾಡಿ, ಫೀಲರ್ ಗೇಜ್‌ನಿಂದ ಗ್ಯಾಪ್ ನೋಡಿ. 80 ಮಿ.ಮೀ. ಆಸುಪಾಸಿನ ಬೋರ್‌ಗೆ ಸುಮಾರು 0.3 ಮಿ.ಮೀ. ಇದ್ದೀತು. ಗ್ಯಾಪ್ ಸಾಲದಿದ್ದರೆ ಬಿಸಿಗೆ ರಿಂಗ್ ತುದಿಗಳು ಪರಸ್ಪರ ಒತ್ತಿ ಗೋಡೆ ಗೀಚುತ್ತವೆ.

ಒಂದೇ ಪಿಸ್ಟನ್ ಬದಲಿಸಿದರೆ ಸಾಕೇ?

ಇನ್ನೊಂದು ಅಳತೆಯಲ್ಲಿ ಸರಿಯಿದ್ದು, ಕಾರಣ ಆ ಒಂದು ಸಿಲಿಂಡರ್‌ಗೆ ಸೀಮಿತ ಅಂತ ಖಚಿತವಾದರೆ ಸಾಕು. ನಾನು ಇನ್ನೊಂದಕ್ಕೆ ರಿಂಗ್ ಆದರೂ ಹೊಸದು ಹಾಕುತ್ತೇನೆ.

ಕ್ರ್ಯಾಂಕ್ ಇಳಿಸಲೇಬೇಕೇ?

ಪಿಸ್ಟನ್ ಬರೀ ಉಜ್ಜಿದ್ದರೆ ಬೇಡ. ಚೂರಾಗಿದ್ದರೆ, ತೂತಾಗಿದ್ದರೆ ಬೇಕು. ಟೂ ಸ್ಟ್ರೋಕ್‌ನಲ್ಲಿ ಚೂರುಗಳು ಬೀಳುವುದು ನೇರ ಕ್ರ್ಯಾಂಕ್‌ಕೇಸ್‌ಗೆ. ಕೆಳಗಿನ ಬೇರಿಂಗ್ ರೋಲರ್‌ಗಳ ನಡುವೆ ಅಲ್ಯೂಮಿನಿಯಂ ಪುಡಿ ಹೊಕ್ಕರೆ ಪೆಟ್ರೋಲ್ ಸುರಿದು ಅಲ್ಲಾಡಿಸಿದ ಮಾತ್ರಕ್ಕೆ ಅದು ಹೊರಬರುವುದಿಲ್ಲ. ಹಣ ಉಳಿಸಲು ಹಾಗೆ ತೊಳೆದು ಜೋಡಿಸಿದವರು ಮರುವರ್ಷ ಕ್ರ್ಯಾಂಕ್‌ಗೂ ಕೊಟ್ಟು, ಪಿಸ್ಟನ್‌ಗೂ ಮತ್ತೊಮ್ಮೆ ಕೊಟ್ಟಿದ್ದಾರೆ.

ಇಳಿಸದೆ ನೋಡಬಹುದಾದದ್ದು: ರಾಡನ್ನು ನೇರ ಮೇಲೆ ಕೆಳಗೆ ಎಳೆದರೆ ಆಟ ಇರಬಾರದು, ಪಕ್ಕಕ್ಕೆ ಸ್ವಲ್ಪ ಇರಬಹುದು. ಕೈಯಲ್ಲಿ ತಿರುಗಿಸಿದಾಗ ಮರಳು ಸಿಕ್ಕಿದಂತೆ ಕರಕರ ಅನ್ನಬಾರದು. ಈ ಕ್ರ್ಯಾಂಕ್‌ಗಳು ತುಂಡುಗಳನ್ನು ಒತ್ತಿ ಜೋಡಿಸಿದವು. ಎಂಜಿನ್ ಓಟದಲ್ಲಿ ಗಕ್ಕನೆ ಹಿಡಿದಾಗ ಅವು ಒಂದಕ್ಕೊಂದು ತಿರುಚಿಕೊಳ್ಳುತ್ತವೆ. ಆಗ ಒಂದು ಸಿಲಿಂಡರ್‌ನ ಟೈಮಿಂಗ್ ಸರಿ, ಇನ್ನೊಂದರದು ತಪ್ಪು. ಡಿಗ್ರಿ ಚಕ್ರ ಮತ್ತು ಡಯಲ್ ಗೇಜ್ ಇಟ್ಟು ಎರಡೂ ಪಿಸ್ಟನ್‌ಗಳ ತುದಿ ಸರಿಯಾದ ಡಿಗ್ರಿ ಅಂತರದಲ್ಲಿದೆಯೇ ನೋಡಿ.

ಜೋಡಿಸುವಾಗ ಜನ ಎಡವುವುದು ಎಲ್ಲಿ?

ಲಾಕ್‌ನಲ್ಲಿ. ಗಜನ್ ಪಿನ್‌ನ ಎರಡು ತುದಿಯ ಲಾಕ್‌ಗಳನ್ನು ಒಮ್ಮೆ ತೆಗೆದರೆ ಮತ್ತೆ ಬಳಸಬಾರದು. ಕೆಲವೇ ಕಾಸಿನ ಆ ತಂತಿ ಕಿತ್ತುಬಂದರೆ ಬೋರ್ ಉದ್ದಕ್ಕೂ ಉಳುಮೆ ಮಾಡುತ್ತದೆ. ಕೂರಿಸಿದ ಮೇಲೆ ತೋಡಿನೊಳಗೆ ಪೂರ್ತಿ ಕೂತಿದೆಯೇ ಅಂತ ತಿರುಗಿಸಿ ನೋಡಿ, ಬಾಯಿ ಮೇಲಕ್ಕೋ ಕೆಳಕ್ಕೋ ಇರಲಿ, ಪಕ್ಕಕ್ಕೆ ಬೇಡ. ಲಾಕ್ ಹಾಕುವ ಮೊದಲು ಕ್ರ್ಯಾಂಕ್‌ಕೇಸ್ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿ. ಜಾರಿದ ಲಾಕ್ ಕೆಳಗೆ ಬಿದ್ದರೆ ಅದನ್ನು ತೆಗೆಯಲು ಇಡೀ ಎಂಜಿನ್ ಬಿಚ್ಚಬೇಕಾದೀತು.

ಎರಡನೆಯದು ರಿಂಗ್. ಟೂ ಸ್ಟ್ರೋಕ್ ಪಿಸ್ಟನ್‌ನಲ್ಲಿ ರಿಂಗ್ ತಿರುಗದಂತೆ ತೋಡಿನಲ್ಲಿ ಚಿಕ್ಕ ಪಿನ್ ಇರುತ್ತದೆ. ರಿಂಗ್ ಬಾಯಿ ಆ ಪಿನ್ ಮೇಲೆಯೇ ಕೂರಬೇಕು. ಸಿಲಿಂಡರ್ ಇಳಿಸುವಾಗ ಅಡ್ಡ ಬಂದರೆ ಬಲ ಹಾಕಬೇಡಿ, ಎತ್ತಿ ನೋಡಿ. ಬಾಣ ಎಕ್ಸಾಸ್ಟ್ ಕಡೆಗೆ.

ಮೂರನೆಯದು ಸ್ವಚ್ಛತೆ. ಹೋನ್ ಮಾಡಿದ ಬೋರನ್ನು ಪೆಟ್ರೋಲ್‌ನಲ್ಲಿ ಒರೆಸಿದರೆ ಕಲ್ಲಿನ ಪುಡಿ ಹೋಗುವುದಿಲ್ಲ. ಬಿಸಿನೀರು, ಸೋಪು, ಬ್ರಷ್. ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆಗೆ ಬೂದು ಬಣ್ಣ ಹತ್ತುವುದು ನಿಲ್ಲುವವರೆಗೂ ತೊಳೆಯಿರಿ. ಹೆಡ್ ಬೋಲ್ಟ್‌ಗಳನ್ನು ಎದುರುಬದುರು ಕ್ರಮದಲ್ಲಿ, ಎರಡು ಮೂರು ಹಂತದಲ್ಲಿ, ಟಾರ್ಕ್ ರೆಂಚ್‌ನಿಂದಲೇ ಬಿಗಿಯಿರಿ.

ಆಯಿಲ್ ಪಂಪ್ ತೆಗೆದು ಪೆಟ್ರೋಲ್‌ಗೇ ಆಯಿಲ್ ಬೆರೆಸುವುದು ಒಳ್ಳೆಯದಲ್ಲವೇ?

ಪಂಪ್ ಸುಮ್ಮನೆ ಕೆಡುವುದು ಅಪರೂಪ. ಹೆಚ್ಚಾಗಿ ಕೆಡುವುದು ಅದರ ಪೈಪ್, ಫಿಲ್ಟರ್, ಅಥವಾ ಕೆಲಸವಾದ ಮೇಲೆ ಗಾಳಿ ತೆಗೆಯದೆ ಬಿಟ್ಟ ನಮ್ಮ ಅಜಾಗ್ರತೆ. ಪಾರದರ್ಶಕ ಪೈಪ್‌ನಲ್ಲಿ ಗುಳ್ಳೆ ಕಾಣಬಾರದು, ಪಂಪ್ ಲಿವರ್‌ನ ಗುರುತು ಕೇಬಲ್ ಜೊತೆ ಸರಿಹೊಂದಿರಬೇಕು. ಇವೆರಡು ಸರಿಯಿದ್ದರೆ ನಾನು ಪಂಪ್ ತೆಗೆಯುವುದಿಲ್ಲ. ಆಯಿಲ್ ಯಾವುದು ಅನ್ನುವುದನ್ನು ಮ್ಯಾನ್ಯುಯಲ್ ನೋಡಿಯೇ ಹಾಕಿ. ದೋಣಿಯ ಎಂಜಿನ್‌ಗೆ ಹಾಕುವ ಟಿಸಿ-ಡಬ್ಲ್ಯೂ3 ಆಯಿಲ್ ಎಲ್ಲ ವಾಟರ್ ಸ್ಕೂಟರ್‌ಗೂ ಹೊಂದುವುದಿಲ್ಲ.

ಫೋರ್ ಸ್ಟ್ರೋಕ್ ಗಾಡಿಯಲ್ಲಿ ಏನು ಬೇರೆ?

2002ರಿಂದ ಈಚೆಗೆ ಫೋರ್ ಸ್ಟ್ರೋಕ್‌ಗಳು ಬಂದ ಮೇಲೆ ಲೀನ್ ಆಗಿ ಹಿಡಿದುಕೊಳ್ಳುವುದು ಕಡಿಮೆಯಾಯಿತು. ಇಲ್ಲಿ ಕಂಪ್ರೆಷನ್‌ಗಿಂತ ಲೀಕ್‌ಡೌನ್ ಟೆಸ್ಟ್ ಹೆಚ್ಚು ಹೇಳುತ್ತದೆ. ಪಿಸ್ಟನ್ ತುದಿಯಲ್ಲಿದ್ದಾಗ ಸಿಲಿಂಡರ್‌ಗೆ ಗಾಳಿ ಬಿಟ್ಟು ಕಿವಿಗೊಟ್ಟು ಕೇಳಿ: ಆಯಿಲ್ ತುಂಬುವ ಬಾಯಿಯಲ್ಲಿ ಬುಸ್ ಅಂದರೆ ರಿಂಗ್ ಅಥವಾ ಪಿಸ್ಟನ್, ಎಕ್ಸಾಸ್ಟ್‌ನಲ್ಲಿ ಅಥವಾ ಇನ್‌ಟೇಕ್‌ನಲ್ಲಿ ಅಂದರೆ ವಾಲ್ವ್.

ಸೂಪರ್‌ಚಾರ್ಜರ್ ಇರುವವುಗಳಲ್ಲಿ ಮುಖ್ಯ ಶತ್ರು ನಾಕಿಂಗ್. ಕಡಿಮೆ ಆಕ್ಟೇನ್ ಪೆಟ್ರೋಲ್ ಹಾಕಿದರೆ ರಿಂಗ್ ಪಟ್ಟಿ ಒಡೆದು, ಏರ್‌ಬಾಕ್ಸ್‌ಗೆ ಆಯಿಲ್ ಬರತೊಡಗುತ್ತದೆ. ಸೀ-ಡೂಗಳಿಗೆ ಬರುವ ರೋಟಾಕ್ಸ್ ಎಂಜಿನ್‌ಗಳ ಹಳೆಯ ಕೆಲವು ಸೂಪರ್‌ಚಾರ್ಜರ್‌ಗಳಲ್ಲಿ ಸೆರಾಮಿಕ್ ವಾಷರ್‌ಗಳಿದ್ದವು. ಅವು ಒಡೆದರೆ ಚೂರು ಆಯಿಲ್ ದಾರಿಗೆ ಬೀಳುತ್ತದೆ. ಅಂಥ ಎಂಜಿನ್‌ನಲ್ಲಿ ಪಿಸ್ಟನ್ ಮಾತ್ರ ಬದಲಿಸಿ ಮುಚ್ಚಬಾರದು, ಆಯಿಲ್ ಸಂಪ್, ಬಲೆ, ಪಂಪ್ ಎಲ್ಲ ಬಿಚ್ಚಿ ತೊಳೆಯಬೇಕು. ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಿದ್ದರೆ ನೀರು ಸೇರಿದೆ. ಒಂದು ಸಲ ಆಯಿಲ್ ಬದಲಿಸಿದರೆ ಹೋಗದು, ಬಣ್ಣ ತಿಳಿಯಾಗುವವರೆಗೂ ಬದಲಿಸುತ್ತಲೇ ಇರಬೇಕು.

ಜೋಡಿಸಿಯಾಯಿತು. ಮೊದಲ ಸಲ ಸ್ಟಾರ್ಟ್ ಮಾಡುವುದು, ರನ್-ಇನ್ (ಹೊಸ ಭಾಗಗಳನ್ನು ಹದಕ್ಕೆ ತರುವ ಓಟ) ಹೇಗೆ?

ದಡದಲ್ಲಿ ಪೈಪ್ ನೀರು ಕೊಟ್ಟು ಓಡಿಸುವುದಾದರೆ ಕ್ರಮ ನೆನಪಿರಲಿ. ಮೊದಲು ಎಂಜಿನ್ ಸ್ಟಾರ್ಟ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು ಬಂದ್, ಆಮೇಲೆ ಎಂಜಿನ್. ಎಂಜಿನ್ ನಿಂತಿರುವಾಗ ನೀರು ಬಿಟ್ಟರೆ ಅದು ಎಕ್ಸಾಸ್ಟ್ ತುಂಬಿ ಹೊಸ ಪಿಸ್ಟನ್ ಮೇಲೆಯೇ ಇಳಿಯುತ್ತದೆ. ಒಮ್ಮೆಗೆ ಒಂದೆರಡು ನಿಮಿಷಕ್ಕಿಂತ ಹೆಚ್ಚು ಬೇಡ. ಡ್ರೈವ್ ಶಾಫ್ಟ್‌ನ ಸೀಲ್‌ಗೆ ತಂಪು ಸಿಗುವುದು ನೀರಿನೊಳಗಿದ್ದಾಗ ಮಾತ್ರ.

ಸ್ಟಾರ್ಟ್ ಮಾಡಿ, ಹೆಡ್ ಕೈಗೆ ಬೆಚ್ಚಗಾಗುವವರೆಗೂ ಬಿಟ್ಟು ನಿಲ್ಲಿಸಿ. ಪೂರ್ತಿ ತಣ್ಣಗಾಗಲಿ. ಹೀಗೆ ಎರಡು ಮೂರು ಸಲ. ಆಮೇಲೆ ತಣ್ಣಗಿದ್ದಾಗ ಹೆಡ್ ಬೋಲ್ಟ್‌ಗಳ ಟಾರ್ಕ್ ಮತ್ತೆ ನೋಡಿ. ಆಯಿಲ್ ಪಂಪ್ ಇದ್ದರೂ ಮೊದಲ ಟ್ಯಾಂಕ್‌ಗೆ ಲೀಟರ್‌ಗೆ 20 ಮಿ.ಲೀ. ಆಯಿಲ್ ಬೆರೆಸಿ, ಅಂದರೆ 50ಕ್ಕೆ 1. ಹೊಗೆ ಬರುತ್ತದೆ, ಬರಲಿ. ಮೊದಲ ಟ್ಯಾಂಕ್‌ನಲ್ಲಿ ಥ್ರಾಟಲ್ ಅರ್ಧದಿಂದ ಮುಕ್ಕಾಲಿನೊಳಗೆ ಏರಿಸುತ್ತ ಇಳಿಸುತ್ತ ಓಡಿಸಿ. ಒಂದೇ ವೇಗದಲ್ಲಿ ಬಹಳ ದೂರ ಹೋಗಬೇಡಿ, ಫುಲ್ ಥ್ರಾಟಲ್ ಕೆಲವೇ ಸೆಕೆಂಡ್ ಇರಲಿ. ಹಾರಿಸಬೇಡಿ. ಪಂಪ್ ನೀರಿನಿಂದ ಮೇಲೆದ್ದಾಗ ಹೊರೆಯಿಲ್ಲದೆ ಆರ್‌ಪಿಎಂ ಒಮ್ಮೆಲೇ ಜಿಗಿಯುತ್ತದೆ.

ಮೊದಲ ಟ್ಯಾಂಕ್ ಮುಗಿದ ಮೇಲೆ ಎರಡೂ ಪ್ಲಗ್ ಬಿಚ್ಚಿ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಒಂದೇ ಕಂದು ಬಣ್ಣಕ್ಕಿರಬೇಕು. ಒಂದು ಬೆಳ್ಳಗಿದ್ದರೆ ಗಾಡಿಯನ್ನು ನೀರಿಗಿಳಿಸದೆ ಆ ಸಿಲಿಂಡರ್‌ನ ಕಾರ್ಬುರೇಟರ್‌ಗೆ ವಾಪಸ್ ಹೋಗಿ. ಕಂಪ್ರೆಷನ್ ಕೂಡ ಆವತ್ತೇ ನೋಡಿ ದಿನಾಂಕದ ಜೊತೆ ಬರೆದಿಡಿ. ಮುಂದಿನ ಸಲ ಅನುಮಾನ ಬಂದಾಗ ಹೋಲಿಸಿ ನೋಡಲು ಆ ಅಂಕಿ ಬೇಕಾಗುತ್ತದೆ.